ರಸ್ತೆಯಂಚಿಗೆ ಅಡಿಕೆ ಸಿಪ್ಪೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು ಎಂದು ನಮ್ಮ ಮನೆಯವರು ಮದುವೆಯಾದ ವರ್ಷವೇ ಕಂಡುಹಿಡಿದಿದ್ದರು. ಇರಲಿ, ಆ ಸಿಟ್ಟು ಇಲ್ಲದೇ ಹೋಗಿದ್ದರೆ ನಮ್ಮ ರಸ್ತೆ ಇವತ್ತು ಹೀಗಿರುತ್ತಿರಲಿಲ್ಲ. ಹೇಳಿಕೊಳ್ಳುವುದಕ್ಕೆ ನನಗೇನೂ ನಾಚಿಕೆ ಇಲ್ಲ, ಹೆಮ್ಮೆಯೇ. ಆದರೆ ಅದೇ ರಸ್ತೆಯಲ್ಲಿ ನಮ್ಮ ಮಾವನನ್ನು ಕೆಡವಿ ಭುಜದ ಎಲುಬು ಮುರಿಸಿದವಳೂ ನಾನೇ. ಅದನ್ನು ಬಿಟ್ಟು ಬರೀ ಹೆಮ್ಮೆಯನ್ನು ಬರೆದರೆ ಊರಿನವರು ನಗುತ್ತಾರೆ.

ಕಾಣಿಯೂರಿನಿಂದ ಪಂಜದ ಕಡೆಗೆ ಹೋಗುವಾಗ ಒಳಗೆ ತಿರುಗಿದರೆ ನಮ್ಮ ರಸ್ತೆ. ಉದ್ದ ಎರಡು ಕಿಲೋಮೀಟರಿಗೆ ಸ್ವಲ್ಪ ಕಡಿಮೆ, ಅಗಲ ಹತ್ತಡಿ. ಈ ತುದಿಯಲ್ಲಿ ನಮ್ಮ ಮನೆ, ಆ ತುದಿಯಲ್ಲಿ ಹಾಲಿನ ಸೊಸೈಟಿ ಮತ್ತು ಬಸ್ಸು ನಿಲ್ಲುವ ಜಾಗ. ಅದರಲ್ಲಿ ಹೋಗದವರು ಯಾರು? ಹಾಲಿನ ಕ್ಯಾನು ಹಿಡಿದ ಹೆಂಗಸರು, ರಬ್ಬರ್ ಟ್ಯಾಪಿಂಗಿಗೆ ಹೊರಟ ಬೈಕಿನವರು, ಪುತ್ತೂರಿನ ಕಾಲೇಜಿಗೆ ಬಸ್ಸು ಹಿಡಿಯಲು ಓಡುವವರು, ಮೇಯಲು ಬಿಟ್ಟ ದನಗಳು, ಶಾಲೆಯ ವ್ಯಾನು, ಅಡಿಕೆ ತುಂಬಿದ ಪಿಕಪ್. ಕುದುರೆ ಒಂದನ್ನು ಬಿಟ್ಟು ಉಳಿದದ್ದೆಲ್ಲ ಹೋಗುತ್ತದೆ.

ಮಣ್ಣಿನ ರಸ್ತೆ ಇದ್ದಾಗ ಹೊಂಡಗಳೇ ನಮಗೆ ಹಂಪು. ಯಾರು ಎಷ್ಟು ಅವಸರದಲ್ಲಿದ್ದರೂ ದನದ ನಡಿಗೆಯಲ್ಲೇ ಹೋಗಬೇಕಿತ್ತು. ಮೂರು ವರ್ಷಗಳ ಹಿಂದೆ ಕಾಂಕ್ರೀಟು ಬಂತು. ತೆಂಗಿನಕಾಯಿ ಒಡೆದದ್ದಾಯಿತು, ಪಾಯಸ ಹಂಚಿದ್ದಾಯಿತು. ನಾನೂ ಎರಡು ಲೋಟ ಕುಡಿದೆ. ವಾರ ಕಳೆಯುವಷ್ಟರಲ್ಲಿ ಗೊತ್ತಾಯಿತು, ನಮ್ಮ ರಸ್ತೆಯಲ್ಲಿ ಗಾಡಿಗಳು ಈಗ ಹೋಗುವುದಲ್ಲ, ಹಾರುವುದು. ಜೊತೆಗೆ ಕಾಂಕ್ರೀಟು ನೆಲದಿಂದ ಮುಕ್ಕಾಲು ಅಡಿ ಎತ್ತರದಲ್ಲಿ ನಿಂತಿತ್ತು. ಅಂಚಿಗೆ ಮಣ್ಣು ತುಂಬುವ ಮೊದಲೇ ಕೆಲಸದವರು ಮಿಕ್ಸರ್ ಕಟ್ಟಿಕೊಂಡು ಹೊರಟುಹೋಗಿದ್ದರು. ಎದುರಿನಿಂದ ಕಾರು ಬಂದರೆ ನಡೆಯುವವರು ಮುಕ್ಕಾಲು ಅಡಿ ಕೆಳಗೆ ಧುಮುಕಬೇಕು. ಮಂಡಿನೋವಿನ ಹೆಂಗಸರು ಹಾಲಿನ ಕ್ಯಾನು ಹಿಡಿದು ಹೇಗೆ ಧುಮುಕುವುದು?

ನಾನು ಧುಮುಕುತ್ತಿರಲಿಲ್ಲ. ನನ್ನ ಸ್ಕೂಟರನ್ನು ರಸ್ತೆಯ ನಡುವಿನಲ್ಲೇ ನಿಲ್ಲಿಸಿ, ಎದುರಿನ ಗಾಡಿಯವನನ್ನು ನೋಡುತ್ತಾ ಕೂರುತ್ತಿದ್ದೆ. ಅವನಾಗಿ ರಿವರ್ಸ್ ಹೋದರೆ ಹೋದ, ಇಲ್ಲದಿದ್ದರೆ ಸಮಾ ಬೈಗುಳ ತಿಂದು ಹೋದ. ಸುಳ್ಯದ ಕಡೆಯ ನನ್ನ ತವರಿನಲ್ಲಿ ಹೆಂಗಸರು ದಾರಿ ಬಿಟ್ಟುಕೊಡುವ ಜಾತಿಯಲ್ಲ.

ಮಾವನದ್ದು ಇದಕ್ಕೆ ಪೂರಾ ಉಲ್ಟಾ. ಎಪ್ಪತ್ತೆಂಟು ವರ್ಷ, ಕಡ್ಡಿಯಂಥ ದೇಹ, ಆ ರಸ್ತೆಯಲ್ಲಿ ಉಳಿದಿದ್ದ ಒಂದೇ ಒಂದು ಸೈಕಲ್ಲು ಅವರದ್ದು. ಬೆಳಿಗ್ಗೆ ಆರೂವರೆಗೆ ಹ್ಯಾಂಡಲಿಗೆ ಹಾಲಿನ ಕ್ಯಾನು ಸಿಕ್ಕಿಸಿ ಹೊರಟರೆ ಏಳೂವರೆಗೆ ವಾಪಸು. ಹೋಗುವುದು ಹಾಲು ಕೊಡಲು ಎಂದು ಹೆಸರಿಗೆ. ಸೊಸೈಟಿಯ ಕಟ್ಟೆಯಲ್ಲಿ ಕೂತು ಪೇಪರು ಓದುವುದು, ಊರಿನ ಸುದ್ದಿ ಕೇಳುವುದು, ಎರಡು ಕುಶಾಲು ಮಾಡುವುದು, ಇಡೀ ದಿನಕ್ಕೆ ಬೇಕಾದ ಜೀವ ಅವರಿಗೆ ಅಲ್ಲಿಂದಲೇ. ಆದರೆ ದಾರಿಯಲ್ಲಿ ಹಾರ್ನ್ ಕೇಳಿದರೆ ಸಾಕು, ಸೈಕಲ್ಲಿನಿಂದ ಇಳಿದುಬಿಡುತ್ತಿದ್ದರು. ಇಳಿದು, ಸೈಕಲ್ಲನ್ನು ಅಂಚಿಗೆ ಒತ್ತಿ, ಎತ್ತಿ ಕಟ್ಟಿದ್ದ ಲುಂಗಿಯನ್ನು ಕೆಳಗೆ ಬಿಟ್ಟು ನಿಲ್ಲುವುದು. ಗಾಡಿ ಹೋದ ಮೇಲೆ ಲುಂಗಿ ಎತ್ತಿ ಕಟ್ಟಿ ಮತ್ತೆ ಹತ್ತುವುದು. ಲಾರಿಗೂ ಹಾಗೆಯೇ, ಹಾಲು ಹಲ್ಲಿನ ಪೋರ ಓಡಿಸುವ ಬೈಕಿಗೂ ಹಾಗೆಯೇ.

"ಮಾವ, ಬೈಕಿಗೆಲ್ಲ ಎಂತಕ್ಕೆ ಇಳಿಯುದು? ಅವ ಎಂತ ಡಿ.ಸಿ.ಯಾ?" ಎಂದು ಎಷ್ಟೋ ಸಲ ರೇಗಿದ್ದೇನೆ.

"ಅಭ್ಯಾಸ ಮಗಾ," ಎಂದು ನಗುತ್ತಿದ್ದರು. ಅಷ್ಟೇ ಉತ್ತರ.

ಕಾಂಕ್ರೀಟು ಬಂದ ಮೇಲೆ ಇಳಿಯುವುದು ದಿನಕ್ಕೆ ಹತ್ತು ಹನ್ನೆರಡು ಸಲವಾಯಿತು. ಒಂದು ದಿನ ಮುಕ್ಕಾಲು ಅಡಿ ಕೆಳಕ್ಕೆ ಇಳಿಯುವಾಗ ಜಾರಿ ಮೊಣಕೈ ತರಚಿಕೊಂಡು ಬಂದರು. ನಮ್ಮ ಮನೆಯವರು ಮಾತು ಕಡಿಮೆಯ ಮನುಷ್ಯ, ಆಡಿದರೆ ಮಾತ್ರ ಅದು ಮುಗಿದ ಮಾತು.

"ಅಪ್ಪ, ಇನ್ನು ಸೈಕಲ್ ಸಾಕು. ಹಾಲು ಇವಳು ಸ್ಕೂಟರಿನಲ್ಲಿ ಕೊಂಡುಹೋಗಲಿ."

ಆ ಮಧ್ಯಾಹ್ನ ಮಾವ ಊಟದಲ್ಲಿ ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದದ್ದು ನನಗೆ ಕಂಡಿತು. ತಪ್ಪು ರಸ್ತೆಯದ್ದು, ಶಿಕ್ಷೆ ಸೈಕಲ್ಲಿಗೆ!

"ಸೈಕಲ್ ನಿಲ್ಲಿಸುದಲ್ಲ, ರಸ್ತೆ ಸರಿ ಮಾಡುದು," ಎಂದೆ.

"ಯಾರು ಮಾಡುದು?"

"ನಾನು."

ಹೇಳಿಯಾಗಿತ್ತು. ಇನ್ನು ಹಿಂದೆ ಹೋಗುವ ಹಾಗಿಲ್ಲ.

ಮೊದಲು ಗ್ರಾಮಸಭೆಗೆ ಹೋದೆ. ರಸ್ತೆಯಂಚಿಗೆ ಮಣ್ಣು ಬೇಕು ಎಂದದ್ದಕ್ಕೆ, "ಅಂಚು ಎಸ್ಟಿಮೇಟಿನಲ್ಲಿ ಇಲ್ಲ ಅಮ್ಮ, ರಸ್ತೆ ಮಾತ್ರ ಇದ್ದದ್ದು," ಎಂದರು. "ಅಂಚಿಲ್ಲದ ರಸ್ತೆ ಎಂತದು ಮಾರಾಯ್ರೆ, ಅಂಚಿಲ್ಲದ ಸೀರೆ ಉಟ್ಟ ಹಾಗೆ!" ಎಂದೆ. ಎಲ್ಲ ನಕ್ಕರು, ಟೀ ಬಂತು, ಸಭೆ ಮುಗಿಯಿತು. ಮುಂದಿನ ಅನುದಾನ ಬಂದಾಗ ನೋಡುವ ಎಂದರು. ಆ ಮುಂದಿನದ್ದು ಯಾವಾಗ ಎಂದು ಕೇಳಲು ನನಗೆ ಪುರುಸೊತ್ತು ಇರಲಿಲ್ಲ.

ಇನ್ನು ನನ್ನ ಮಂಡೆ ಓಡಿದ್ದು ಎಲ್ಲಿಗೆ ಎಂದು ಹೇಳುತ್ತೇನೆ, ಕೇಳಿ. ನಮ್ಮ ಕಡೆ ಕೆಸರು ಕಂಡಲ್ಲಿ ಹಾಕುವುದು ಅಡಿಕೆ ಸಿಪ್ಪೆ. ದನದ ಹಟ್ಟಿಯ ದಾರಿಯಲ್ಲಿ ಕೆಸರಾಯಿತಾ, ಸಿಪ್ಪೆ ಹಾಕು. ಬಚ್ಚಲಿನ ಹಿಂದೆ ಹೊಂಡ ಬಿತ್ತಾ, ಸಿಪ್ಪೆ ಹಾಕು. ಅಡಿಕೆ ಸುಲಿದು ಮುಗಿದ ಮೇ ತಿಂಗಳಲ್ಲಿ ಪ್ರತಿ ಮನೆಯ ಹಿಂದೆಯೂ ಆಳೆತ್ತರದ ಸಿಪ್ಪೆರಾಶಿ ಬಿದ್ದಿರುತ್ತದೆ. ನಾನು ನಮ್ಮ ರಾಶಿಯನ್ನೂ ಪಕ್ಕದ ಎರಡು ಮನೆಗಳ ರಾಶಿಯನ್ನೂ ಹೊರಿಸಿ, ನಮ್ಮ ಗೇಟಿನಿಂದ ತಿರುವಿನವರೆಗೆ ಕಾಂಕ್ರೀಟಿನ ಎರಡು ಬದಿಗೂ ತುಂಬಿಸಿದೆ. ಮೇಲೆ ನಾಲ್ಕು ಬೆರಳು ದಪ್ಪಕ್ಕೆ ಕೆಂಪು ಮಣ್ಣು ಹರಡಿ ತುಳಿಸಿದೆ. ಎಷ್ಟು ಚಂದ ಕಂಡಿತೆಂದರೆ ಅಂಚು ಎಲ್ಲಿ, ಕಾಂಕ್ರೀಟು ಎಲ್ಲಿ ಎಂದು ಗೊತ್ತಾಗುತ್ತಿರಲಿಲ್ಲ. ಹೋಗಿ ಬರುವವರೆಲ್ಲ ನಿಂತು ಹೊಗಳಿದರು. ಪಂಚಾಯತಿನವರು ಮಾಡದ್ದನ್ನು ಅಕ್ಕ ಮಾಡಿದರು ಎಂದು ಸೊಸೈಟಿಯಲ್ಲಿ ಮಾತಾಯಿತು. ಮಾವ ಆ ಮಾತನ್ನು ಮನೆಗೆ ತಂದು ಎರಡೆರಡು ಸಲ ಹೇಳಿದರು. ನಾನು ಉಬ್ಬಿಹೋದೆ.

ಜೂನಿನಲ್ಲಿ ಮಳೆ ಹಿಡಿಯಿತು. ನಾಲ್ಕು ದಿನ ಬಿಡದೆ ಹೊಯ್ದು ಐದನೆಯ ಬೆಳಿಗ್ಗೆ ಸ್ವಲ್ಪ ಬಿಟ್ಟಿತ್ತು. ಮಾವ ಹೊರಟು ಹತ್ತು ನಿಮಿಷವಾಗಿರಲಿಲ್ಲ. ಗೇಟಿನ ಹತ್ತಿರ ಪಿಕಪ್ ಬಂದು ನಿಂತು, ಹಾರ್ನ್ ಬಿಡದೆ ಬಡಿಯತೊಡಗಿತು.

ಅದು ತಿರುವಿನ ಮನೆಯ ಕಾಕನ ಪಿಕಪ್. ಅವರು ಬ್ಯಾರಿಗಳು, ನಮ್ಮ ಕಡೆಯ ಮುಸಲ್ಮಾನರು, ಮನೆಮನೆಗೆ ಹೋಗಿ ಅಡಿಕೆ ಕೊಳ್ಳುವ ವ್ಯಾಪಾರ. ಊರಿನ ದೊಡ್ಡವರು ಚಿಕ್ಕವರು ಎಲ್ಲರೂ ಅವರನ್ನು ಕರೆಯುವುದು ಕಾಕ ಎಂದೇ. ಸೀಟಿನಲ್ಲಿ ಮಾವ ಬಿಳಿಚಿಕೊಂಡು, ಎಡಗೈಯನ್ನು ಬಲಗೈಯಲ್ಲಿ ಹಿಡಿದು ಕೂತಿದ್ದರು. ಮೊಣಕಾಲಿನವರೆಗೆ ಕೆಸರು. ಆ ಕೆಸರಿನಲ್ಲಿ ಅಂಟಿಕೊಂಡದ್ದನ್ನು ನೋಡಿದ ಕೂಡಲೇ ನನಗೆ ಅರ್ಥವಾಯಿತು. ಕೊಳೆತ ಅಡಿಕೆ ಸಿಪ್ಪೆ.

"ಅಕ್ಕ, ಪಡೆದ ದೇವರ ಆಣೆ, ನಾನು ಗಾಡಿ ನಿಲ್ಲಿಸಿದ್ದೆ," ಎಂದರು ಕಾಕ. "ಗೌಡ್ರು ಇಳಿದರು. ಕಾಲಿಟ್ಟದ್ದೇ ಒಳಗೆ ಹೋಯ್ತು. ಸೈಕಲ್ ಮೇಲೆ ಬಿತ್ತು."

ಮಾವ ಎಂದಿನ ಹಾಗೆ ಹಾರ್ನ್ ಕೇಳಿ ಇಳಿದಿದ್ದರು. ಮೊದಲಾದರೆ ಅಲ್ಲಿ ಮುಕ್ಕಾಲು ಅಡಿ ತಗ್ಗು ಇದೆ ಎಂದು ಗೊತ್ತಿತ್ತು, ನೋಡಿ ಕಾಲಿಡುತ್ತಿದ್ದರು. ಈಗ ಸೊಸೆ ತುಂಬಿಸಿದ್ದಾಳಲ್ಲ ಎಂದು ನೋಡದೆ ಇಟ್ಟರು. ಮೇಲಿನ ಮಣ್ಣು ಮಳೆಗೆ ತೊಳೆದುಹೋಗಿ, ಅಡಿಯ ಸಿಪ್ಪೆ ನೀರು ಕುಡಿದು ಮೆತ್ತಗಾಗಿ, ಎರಡು ಬದಿಯಲ್ಲೂ ನಾನು ಉದ್ದಕ್ಕೆ ಒಂದು ಬಲೆ ಹಾಸಿಟ್ಟಿದ್ದೆ. ಹಟ್ಟಿಯ ದಾರಿಯಲ್ಲಿ ಹಾಕುವ ಸಿಪ್ಪೆ ಒಂದು ಹಿಡಿ ದಪ್ಪ, ಕೆಳಗೆ ಗಟ್ಟಿ ನೆಲ ಇರುತ್ತದೆ. ಮುಕ್ಕಾಲು ಅಡಿ ಸಿಪ್ಪೆ ಎಂದರೆ ಅದು ನೆಲವಲ್ಲ, ಗೊಬ್ಬರದ ಗುಂಡಿ. ಹುಟ್ಟಿದಾಗಿನಿಂದ ಅಡಿಕೆಯ ಜೊತೆ ಬದುಕಿದವಳಿಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ಪುತ್ತೂರಿನ ಆಸ್ಪತ್ರೆಯವರೆಗೆ ಪಿಕಪ್ಪಿನ ಹಿಂಬದಿಯಲ್ಲಿ ಕೂತು ಅಳುತ್ತಾ ಹೋದೆ.

ಭುಜದ ಎಲುಬು ಬಿರುಕು ಬಿಟ್ಟಿತ್ತು. ಕೈಯನ್ನು ಕುತ್ತಿಗೆಗೆ ಕಟ್ಟಿ, ಆರು ವಾರ ಅಲುಗಾಡಿಸಬಾರದು ಎಂದರು. ಮಾವ ನನ್ನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು. "ಹಾಲು ಎಲ್ಲ ಚೆಲ್ಲಿ ಹೋಯ್ತು ಮಗಾ," ಎಂದರು, ಅಷ್ಟೇ.

ಮರುದಿನ ಹಾಲು ಕೊಂಡುಹೋದದ್ದು ನಾನು. ಸೊಸೈಟಿಯ ಎದುರು ಹದಿನೈದಿಪ್ಪತ್ತು ಜನ ಗುಂಪಾಗಿದ್ದರು. ನನ್ನನ್ನು ಕಂಡ ಕೂಡಲೇ ಒಬ್ಬರು, "ಪಿಕಪ್ ಗುದ್ದಿ ಹಾಕಿತಂತಲ್ಲ ಅಕ್ಕ, ಕಂಪ್ಲೇಂಟ್ ಕೊಟ್ಟಿರಾ?" ಎಂದರು. ಇನ್ನೊಬ್ಬರು, "ಕೊಡದಿದ್ದರೆ ನಾವು ನಾಲ್ಕು ಜನ ಹೋಗಿ ಮಾತಾಡುವ. ಆ ಜನಕ್ಕೆ ಸ್ವಲ್ಪ ಜೋರಾಯ್ತು," ಎಂದರು. ಆ ಜನ ಎಂದದ್ದು ನನ್ನ ಕಿವಿಗೆ ಬಿತ್ತು. ಈ ಸೀಮೆಯ ಗಾಳಿ ನನಗೆ ಗೊತ್ತುಂಟು. ಒಂದು ಸೈಕಲ್ಲು ಬಿದ್ದ ವಿಷಯ ಸಂಜೆಯೊಳಗೆ ಬೇರೇನೋ ಆಗಬಲ್ಲದು.

ಸುಮ್ಮನಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ, ಕ್ಯಾನು ಇಟ್ಟು ಚೀಟಿ ತೆಗೆದುಕೊಂಡು ಹೊರಟಿದ್ದರೆ ಸಾಕಿತ್ತು. ನಾನು ಕ್ಯಾನನ್ನು ಧಪ್ಪೆಂದು ಕಟ್ಟೆಯ ಮೇಲೆ ಇಟ್ಟೆ.

"ಯಾರು ಹೇಳಿದ್ದು ಗುದ್ದಿತು ಅಂತ? ಪಿಕಪ್ ನಿಂತಿತ್ತು. ಮಾವ ಬಿದ್ದದ್ದು ನಾನು ಹಾಕಿದ ಅಡಿಕೆ ಸಿಪ್ಪೆಯಲ್ಲಿ. ಸಿಪ್ಪೆ ಕೊಳೆಯುತ್ತದೆ ಅಂತ ಈ ಬುದ್ಧಿವಂತೆಗೆ ಗೊತ್ತಾಗಲಿಲ್ಲ. ಕಂಪ್ಲೇಂಟ್ ಕೊಡುದಾದರೆ ನನ್ನ ಮೇಲೆ ಕೊಡಿ. ಬಿದ್ದವರನ್ನು ಎತ್ತಿ ಆಸ್ಪತ್ರೆಗೆ ಕೊಂಡುಹೋದದ್ದು ಕಾಕ. ನೀವು ಯಾರೂ ಅಲ್ಲ!"

ಸೊಸೈಟಿಯಲ್ಲಿ ಹಾಲು ಅಳೆಯುವವಳು, "ನಾವೂ ನಮ್ಮ ಗೇಟಿನ ಹತ್ತಿರ ಸಿಪ್ಪೆಯೇ ಹಾಕಿದ್ದು ಮಾರಾಯ್ತಿ. ನಿನ್ನದು ನೋಡಿ," ಎಂದಳು. ಹಿಂದಿನಿಂದ ಇನ್ನೊಂದು ದನಿ, "ನಾವೂ." ಹಾಗೆ ಐದಾರು ಮನೆಯವರು ಹೊರಬಂದರು. ನನ್ನನ್ನು ಹೊಗಳುತ್ತಾ ಹೋದವರೆಲ್ಲ ನನ್ನ ತಪ್ಪನ್ನೂ ಕಲಿತುಕೊಂಡು ಹೋಗಿದ್ದರು. ಆ ದಿನ ಹನ್ನೊಂದು ಜನ ಹೆಂಗಸರು ಪಿಕಾಸಿ ಹಿಡಿದು ಬಂದು, ಮಳೆಯಲ್ಲೇ ಸಿಪ್ಪೆಯನ್ನೆಲ್ಲ ತೋಡಿ ತೆಗೆದೆವು. ಈ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಹೆಮ್ಮೆ ಆ ಬೆಳಿಗ್ಗೆಯದ್ದು. ಬಾಯಿ ಜೋರಿದ್ದದ್ದು ಜೀವನದಲ್ಲಿ ಒಂದು ಸಲ ಉಪಯೋಗಕ್ಕೆ ಬಂತು.

ಮನೆಯಲ್ಲಿ ಮಾತ್ರ ತೀರ್ಪು ಆಗಿತ್ತು. ನಮ್ಮ ಮನೆಯವರು ಸೈಕಲ್ಲನ್ನು ಕೊಟ್ಟಿಗೆಯ ಅಡ್ಡಮರಕ್ಕೆ ಹಗ್ಗ ಹಾಕಿ ಮೇಲೆ ಕಟ್ಟಿದರು. "ದೀಪಾವಳಿಯವರೆಗೆ ನೋಡ್ತೇನೆ. ಅಷ್ಟರಲ್ಲಿ ಅಂಚು ಗಟ್ಟಿಯಾಗದಿದ್ದರೆ ಸೈಕಲ್ ಗುಜರಿಗೆ. ಆಮೇಲೆ ನನ್ನ ಹತ್ತಿರ ಮಾತಾಡುದು ಬೇಡ," ಎಂದರು. ಅವರದ್ದು ತಪ್ಪು ಎಂದು ನಾನು ಹೇಳುವ ಹಾಗಿರಲಿಲ್ಲ.

ಆ ಆರು ವಾರ ಮಾವ ಜಗಲಿಯಲ್ಲಿ ಕೂತು, ಕೊಟ್ಟಿಗೆಯ ಬಾಗಿಲಿನಲ್ಲಿ ಕಾಣುವ ಸೈಕಲ್ಲಿನ ಹಿಂದಿನ ಚಕ್ರವನ್ನು ನೋಡುತ್ತಿದ್ದರು. ಪೇಪರು ನಾನು ತಂದುಕೊಟ್ಟರೂ ಬಿಡಿಸುತ್ತಿರಲಿಲ್ಲ. ಒಂದು ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ.

"ಮಾವ, ನೀವು ಅವತ್ತು ಇಳಿಯದೇ ಇದ್ದಿದ್ದರೆ ಬೀಳ್ತಿರಲಿಲ್ಲ. ಕಾಕ ನಿಲ್ಲಿಸಿದ್ದರು. ಎಂತಕ್ಕೆ ಇಳಿದದ್ದು?"

ಆವತ್ತು ಮೊದಲ ಸಲ ಅವರು ಅಭ್ಯಾಸ ಎನ್ನಲಿಲ್ಲ.

"ಆಗ ಈ ದಾರಿಯಲ್ಲಿ ಗಾಡಿ ಅಂದರೆ ಧಣಿಗಳ ಜೀಪು ಒಂದೇ," ಎಂದರು. "ನಾವು ಅವರ ಗೇಣಿಯವರು. ನನಗೆ ಇಪ್ಪತ್ತು ವರ್ಷ, ಹಳೇ ಸೈಕಲ್ ಒಂದು ತಕ್ಕೊಂಡಿದ್ದೆ. ಜೀಪು ಬಂತು, ನಾನು ಇಳೀಲಿಲ್ಲ. ಗೊತ್ತಾಗಲಿಲ್ಲ ಅಂತ ಅಲ್ಲ, ಪ್ರಾಯ. ಜೀಪು ನಿಂತಿತು. ಧಣಿಗಳು ಬೈಲಿಲ್ಲ. ಸೈಕಲ್ ಹೊಸತಾ ಅಂತ ಕೇಳಿದರು, ಅಷ್ಟೇ. ಮರುದಿನ ನನ್ನ ಅಪ್ಪನನ್ನು ಕರೆಸಿ ಅಂಗಳದಲ್ಲಿ ನಿಲ್ಲಿಸಿದರು. ಮಧ್ಯಾಹ್ನದವರೆಗೆ, ಬಿಸಿಲಲ್ಲಿ. ಒಂದು ಮಾತು ಆಡಲಿಲ್ಲ, ಕೂತುಕೋ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಅಪ್ಪ ಮನೆಗೆ ಬಂದು ನೀರು ಕುಡಿದು ಮಲಗಿದರು. ನನಗೆ ಎಂತದೂ ಹೇಳಲಿಲ್ಲ. ಆಮೇಲೆ ನಾನು ಎಲ್ಲ ಗಾಡಿಗೂ ಇಳಿದೆ."

"ಈಗ ಎಲ್ಲಿಯ ಧಣಿ ಮಾವ? ಜಾಗ ನಮ್ಮ ಹೆಸರಿಗೆ ಆಗಿ ಐವತ್ತು ವರ್ಷ ಆಯ್ತಲ್ಲ!"

"ಆಯ್ತು. ಅದು ಕಾಲಿಗೆ ಇನ್ನೂ ಗೊತ್ತಾಗಲಿಲ್ಲ ಮಗಾ."

ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಈಗಲೂ ಹೇಳಲಾರೆ. ಒಳಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದೆ. ಈ ಮನುಷ್ಯ ಸೈಕಲ್ಲು ಹತ್ತಬೇಕು, ಗುಜರಿಗೆ ಹೋಗಲು ನಾನು ಬಿಡುವುದಿಲ್ಲ ಎಂದು ಆ ಪಾತ್ರೆಗಳ ಎದುರು ಶಪಥ ಮಾಡಿದೆ.

ಈ ಸಲ ಮಂಡೆ ಉಪಯೋಗಿಸಿದೆ. ಮಳೆ ಬಿಟ್ಟ ಮೇಲೆ ಅಡಿಕೆ ಹರಡಲು ನಾವು ಪ್ರತಿ ವರ್ಷ ಅಂಗಳ ಗಟ್ಟಿ ಮಾಡುತ್ತೇವೆ. ತೆಳ್ಳಗೆ ಮಣ್ಣು ಹಾಕುವುದು, ನೀರು ಚಿಮುಕಿಸುವುದು, ಮರದ ಹಲಗೆಯಿಂದ ಬಡಿಯುವುದು, ಒಣಗಿದ ಮೇಲೆ ಮತ್ತೊಂದು ಪದರ. ಅತ್ತೆಯಿಂದ ಸೊಸೆಗೆ ಬಂದ ಕೆಲಸ ಅದು. ಅಂಗಳ ನಿಲ್ಲುವುದಾದರೆ ಅಂಚು ಯಾಕೆ ನಿಲ್ಲುವುದಿಲ್ಲ? ಮಣ್ಣಿನ ಅಡಿಯಲ್ಲಿ ಕಲ್ಲು ಬೇಕು, ನೀರು ಹೋಗಲು ಅಲ್ಲಲ್ಲಿ ಚರಂಡಿ ಬೇಕು, ಅಷ್ಟೇ ವ್ಯತ್ಯಾಸ. ನಮ್ಮ ಸ್ವಸಹಾಯ ಸಂಘದ ಹೆಂಗಸರ ಎದುರು ಇದನ್ನು ಹೇಳಿದಾಗ ಒಬ್ಬಳು, "ಈ ಸಲ ತೆಂಗಿನ ಸಿಪ್ಪೆ ಅಲ್ಲ ತಾನೇ?" ಎಂದು ಕೇಳಿದಳು. ನಕ್ಕು ನಕ್ಕು ಸಾಕಾಯಿತು. ನಾನೂ ನಕ್ಕೆ, ಎಂತ ಮಾಡುವುದು.

ಕೆಂಪುಕಲ್ಲಿನ ಕೋರೆಯವರು ಕಲ್ಲು ಕೊಯ್ದಾಗ ಉಳಿಯುವ ಚೂರನ್ನು ಬೇಕಾದಷ್ಟು ಕೊಂಡುಹೋಗಿ ಎಂದರು. ಆದರೆ ಅಡಿಗೆ ಹಾಕಲು ದೊಡ್ಡ ಕಲ್ಲು ಸಾಲದು. ಜೊತೆಗೆ ಎರಡು ಗಾಡಿ ಎದುರುಬದುರಾದರೆ ಒಂದು ಸರಿದು ನಿಲ್ಲಲು ಜಾಗ ಬೇಕು. ಅದು ಬೇಕಾದದ್ದು ತಿರುವಿನಲ್ಲೇ, ಅಂದರೆ ಕಾಕನ ಕಂಪೌಂಡಿನ ಹತ್ತಿರ. ಆ ಕಂಪೌಂಡು ಎಂದರೆ ಕಾಕನ ಜೀವ. ದುಬೈಯಲ್ಲಿ ಹದಿನೈದು ವರ್ಷ ದುಡಿದು ಬಂದು ಅವರು ಮೊದಲು ಕಟ್ಟಿಸಿದ್ದು ಮನೆಯನ್ನಲ್ಲ, ಅದನ್ನು. ಆಳೆತ್ತರದ ಕೆಂಪುಕಲ್ಲಿನ ಗೋಡೆ, ತಿರುವಿನ ಆಚೆ ಬರುವ ಗಾಡಿ ಕಾಣದ ಹಾಗೆ ಸರಿಯಾಗಿ ಅಡ್ಡ. ಅದನ್ನು ಕೇಳುವ ಬಾಯಿ ನನಗೂ ಇರಲಿಲ್ಲ.

ಕೇಳಬೇಕಾಗಲಿಲ್ಲ. ಮಾವನನ್ನು ನೋಡಲು ಮೂಸಂಬಿ ಹಿಡಿದು ಬಂದ ಕಾಕ ಚಾವಡಿಯಲ್ಲಿ ಕೂತು, ಚಾ ಕುಡಿದು ಮುಗಿಸಿ, ಹೊರಡುವಾಗ ಮೆಟ್ಟಿಲಿನಲ್ಲಿ ನಿಂತು ಹೇಳಿದರು.

"ಅಕ್ಕ, ನನ್ನ ಕಂಪೌಂಡು ಎಂಟಡಿ ಹಿಂದೆ ತೆಗೀತೇನೆ. ಎತ್ತರವೂ ಸೊಂಟದಷ್ಟು ಸಾಕು. ಬಿಚ್ಚಿದ ಕಲ್ಲು ನಿಮ್ಮ ಅಂಚಿನ ಅಡಿಗೆ ಹಾಕಿ."

"ಎಂತ ಕಾಕ ನೀವು, ಅಷ್ಟು ಆಸೆಯಿಂದ ಕಟ್ಟಿಸಿದ್ದು!"

"ಸೊಸೈಟಿಯಲ್ಲಿ ಅವತ್ತು ನೀವು ಬಾಯಿ ಬಿಡದಿದ್ದರೆ ಆ ಕಲ್ಲು ಬೇರೆಯವರು ಬಿಚ್ಚುತ್ತಿದ್ದರು ಅಕ್ಕ," ಎಂದರು ಕಾಕ. ಚಪ್ಪಲಿ ಹಾಕಿಕೊಂಡು ಹೊರಟರು.

ಅಕ್ಟೋಬರಿನಲ್ಲಿ ಬಿಸಿಲು ಬಂದ ಮೊದಲ ಭಾನುವಾರ ಶುರು ಮಾಡಿದೆವು. ಅಡಿಗೆ ಕಾಕನ ಕಂಪೌಂಡಿನ ಕಲ್ಲು, ಅದರ ಮೇಲೆ ಕೋರೆಯ ಚೂರು, ಮೇಲೆ ಮಣ್ಣು. ಎರಡು ಬೆರಳು ದಪ್ಪ ಹಾಕು, ನೀರು ಚಿಮುಕಿಸು, ಬಡಿ. ಬೆಳಿಗ್ಗೆ ಹಾಲು ಕೊಟ್ಟು ಬಂದವರು ಹಾಗೆಯೇ ಸೊಂಟಕ್ಕೆ ಸೆರಗು ಸಿಕ್ಕಿಸಿ ಇಳಿಯುತ್ತಿದ್ದರು. ಮೊದಲ ವಾರ ಬೇಲಿಯ ಬದಿಯಲ್ಲಿ ನಿಂತು ಸಲಹೆ ಕೊಟ್ಟ ಗಂಡಸರು ಎರಡನೆಯ ವಾರ ತಾವಾಗಿ ಕಲ್ಲು ಹೊತ್ತರು. ಸಲಹೆ ಕೊಟ್ಟವರ ಕೈಗೆ ನಾನು ಬುಟ್ಟಿ ಕೊಡುತ್ತಿದ್ದೆ, ಅದಕ್ಕೂ ಇರಬಹುದು. ನಮ್ಮ ಗೇಟಿನ ಹತ್ತಿರದ ದಾಸವಾಳದ ಬೇಲಿಯನ್ನು ನಾನೇ ಕಡಿದು ಎರಡನೆಯ ಸರಿದು ನಿಲ್ಲುವ ಜಾಗ ಮಾಡಿದೆ. ಮೂರನೆಯದ್ದು ಸೊಸೈಟಿಯ ಎದುರು. ಪಂಚಾಯತಿನ ಕಡೆಯಿಂದ ನೋಡಲು ಬಂದ ಇಂಜಿನಿಯರ್ ಹುಡುಗಿ ಬೂಟಿನ ಹಿಮ್ಮಡಿಯಿಂದ ಅಂಚನ್ನು ಗುದ್ದಿ ನೋಡಿ, "ಇದು ಯಾರು ಹೇಳಿಕೊಟ್ಟದ್ದು?" ಎಂದು ಕೇಳಿದಳು. "ನಮ್ಮ ಅತ್ತೆ," ಎಂದೆ. ಅವಳು ಬರೆದುಕೊಂಡಳು.

ಕೆಲಸ ಮುಗಿದ ಮೇಲೆ ಸೊಸೈಟಿಯ ಕಟ್ಟೆಯಲ್ಲಿ ಎಲ್ಲ ಕೂತು ಒಂದು ಮಾತು ಮಾಡಿಕೊಂಡೆವು. ಇನ್ನು ಮೇಲೆ ನಡೆಯುವವರು, ಸೈಕಲ್ಲಿನವರು, ದನ ಅಟ್ಟಿಕೊಂಡು ಹೋಗುವವರು ಯಾವ ಗಾಡಿಗೂ ಇಳಿಯುವುದಿಲ್ಲ. ಗಾಡಿಯವರೇ ಕಾಯುವುದು. ಪಿಕಪ್, ಆಟೋ, ಕಾರು ಇದ್ದವರೆಲ್ಲ ಆಯ್ತು ಎಂದರು. ನನ್ನ ಸ್ಕೂಟರಿಗೂ ಅದೇ ಲೆಕ್ಕ ಎಂದು ಯಾರೋ ಹಿಂದಿನಿಂದ ಕೂಗಿದರು. ಅದಕ್ಕೂ ಆಯ್ತು ಎಂದೆ. ತಿರುವಿನ ಕಲ್ಲಿನ ಮೇಲೆ ಬಿಳಿ ಬಣ್ಣದಲ್ಲಿ ನಾನೇ ಬರೆದೆ: "ಇಲ್ಲಿ ನಿಲ್ಲಿ. ನಡೆಯುವವರು ಮೊದಲು ಹೋಗಲಿ." ಅಕ್ಷರ ಸ್ವಲ್ಪ ಸೊಟ್ಟ, ಆದರೆ ದೂರದಿಂದ ಕಾಣುತ್ತದೆ.

ದೀಪಾವಳಿಗೆ ಮೂರು ದಿನ ಇರುವಾಗ ನಮ್ಮ ಮನೆಯವರು ಪರೀಕ್ಷೆಗೆ ಬಂದರು. ಕಾಕನ ಪಿಕಪ್ಪಿಗೆ ಮೂಟೆಗಟ್ಟಲೆ ಅಡಿಕೆ ತುಂಬಿಸಿ, ಎರಡು ಚಕ್ರಗಳನ್ನು ಅಂಚಿಗೆ ಇಳಿಸಿ ನಿಧಾನ ಓಡಿಸಲು ಹೇಳಿದರು. ತಾವು ಪಕ್ಕದಲ್ಲಿ ಬಗ್ಗಿ ಚಕ್ರವನ್ನೇ ನೋಡುತ್ತಾ ನಡೆದರು. ಗೇಟಿನಿಂದ ತಿರುವಿನವರೆಗೆ, ಮತ್ತೆ ಈ ಬದಿಗೆ. ಚಕ್ರದ ಗುರುತು ಬಿತ್ತು, ಕುಸಿತ ಬೀಳಲಿಲ್ಲ. ಅವರು ಚೆನ್ನಾಗಿದೆ ಎನ್ನಲಿಲ್ಲ. ಮನೆಗೆ ಹೋಗಿ ಕೊಟ್ಟಿಗೆಗೆ ಏಣಿ ಇಟ್ಟು ಸೈಕಲ್ಲನ್ನು ಕೆಳಗೆ ಇಳಿಸಿದರು, ಜೇಡರ ಬಲೆ ಒರೆಸಿದರು, ಎರಡು ಚಕ್ರಕ್ಕೂ ಗಾಳಿ ಹಾಕಿದರು. ಆ ಪಂಪಿನ ಸದ್ದು ಕೇಳುತ್ತಾ ನಾನು ಅಡುಗೆಮನೆಯಲ್ಲಿ ಒಬ್ಬಳೇ ನಗುತ್ತಿದ್ದೆ.

ಮಾವ ಮತ್ತೆ ಸೊಸೈಟಿಗೆ ಹೊರಟರು. ಮತ್ತೆ ಎಲ್ಲ ಗಾಡಿಗೂ ಇಳಿದರು! ಗಾಡಿಯವರು ನಿಲ್ಲಿಸಿ ಕೈಸನ್ನೆ ಮಾಡಿದರೂ ಇವರು ಇಳಿದು, ಲುಂಗಿ ಬಿಟ್ಟು ನಿಂತಿರುವುದು. ಅವರೂ ಕಾಯುವುದು, ಇವರೂ ಕಾಯುವುದು. ಕಾಕನಂತೂ ಮನೆಗೆ ಬಂದು, "ಅಕ್ಕ, ಗೌಡ್ರು ಇಳಿಯುದು ಬಿಡದಿದ್ದರೆ ನಾನು ಗಾಡಿಯಿಂದ ಇಳಿದು ನಿಲ್ತೇನೆ, ನೋಡುವ ಯಾರು ಮೊದಲು ಹತ್ತುದು ಅಂತ," ಎಂದು ಕುಶಾಲು ಮಾಡಿ ಹೋದರು. ನಾನು ಬೈಯಲಿಲ್ಲ. ಬಿಸಿಲಿನಲ್ಲಿ ಮಧ್ಯಾಹ್ನದವರೆಗೆ ನಿಂತ ಆ ಅಪ್ಪನ ವಿಷಯ ಕೇಳಿದ ಮೇಲೆ ನನಗೆ ಬೈಯಲು ಬಾಯಿ ಬರುತ್ತಿರಲಿಲ್ಲ.

ಮತ್ತೊಂದು ಮಳೆಗಾಲ ಹೋಯಿತು. ಅಂಚು ಒಂದು ಕಡೆಯೂ ಕುಸಿಯಲಿಲ್ಲ. ಮಳೆ ಮುಗಿದ ಒಂದು ಬೆಳಿಗ್ಗೆ ಬ್ಯಾಂಕಿನ ಕೆಲಸಕ್ಕೆ ಪುತ್ತೂರಿನ ಮೊದಲ ಬಸ್ಸು ಹಿಡಿಯಲು ನಾನೂ ಬೇಗ ಹೊರಟಿದ್ದೆ. ತಿರುವಿಗೆ ಸ್ವಲ್ಪ ಮೊದಲು ಮಾವನ ಬೆನ್ನು ಕಂಡಿತು. ಆಚೆಯಿಂದ ಕಾಕನ ಪಿಕಪ್ ಬಂತು, ಗೋಡೆ ತಗ್ಗಿದ್ದರಿಂದ ದೂರದಿಂದಲೇ ಕಂಡಿತು. ಬಂದು ತನ್ನ ಜಾಗದಲ್ಲಿ ಸರಿದು ನಿಂತಿತು. ಮಾವ ಬ್ರೇಕು ಹಿಡಿದರು. ಎಡಗಾಲು ಪೆಡಲು ಬಿಟ್ಟು ನೆಲ ಹುಡುಕುತ್ತಾ ಕೆಳಗೆ ಬಂತು. ನಾನು ಸ್ಕೂಟರು ನಿಲ್ಲಿಸಿದೆ. ಆ ಕಾಲು ಗಾಳಿಯಲ್ಲಿ ಅರೆಗಳಿಗೆ ಹಾಗೆಯೇ ನಿಂತಿತು. ಆಮೇಲೆ ವಾಪಸು ಪೆಡಲಿಗೆ ಹೋಯಿತು. ಬೆಲ್ಲು ಎರಡು ಸಲ ಬಡಿಯಿತು, ಸೈಕಲ್ಲು ಪಿಕಪ್ಪಿನ ಪಕ್ಕದಲ್ಲಿ ಹಾದು ತಿರುವಿನಾಚೆ ಹೋಯಿತು. ಕಾಕ ಸ್ಟಿಯರಿಂಗು ಬಿಟ್ಟು ಎರಡು ಕೈಯನ್ನೂ ಮೇಲೆತ್ತಿ ನನ್ನತ್ತ ನೋಡಿದರು. ನನಗೆ ಕಣ್ಣು ಮಂಜಾಗಿ ಅವರ ಮೋರೆ ಸರಿಯಾಗಿ ಕಾಣಲಿಲ್ಲ.

ಬ್ಯಾಂಕಿಗೆ ಹೋಗಲಿಲ್ಲ. ಮನೆಗೆ ವಾಪಸು ಬಂದು ಏನೂ ಗೊತ್ತಿಲ್ಲದವಳ ಹಾಗೆ ದೋಸೆ ಹುಯ್ಯುತ್ತಿದ್ದೆ. ಏಳೂವರೆಗೆ ಮಾವ ಬಂದರು. ಕ್ಯಾನು ತೊಳೆದು ಕವುಚಿಟ್ಟು, ಅಡುಗೆಮನೆಯ ಬಾಗಿಲಿನಲ್ಲಿ ನಿಂತರು. ಲುಂಗಿ ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿಯೇ ಇತ್ತು.

"ಇವತ್ತು ನಾನು ಇಳೀಲಿಲ್ಲ ಮಗಾ."

"ಹೌದಾ ಮಾವ? ಕಾಕನ ಪಿಕಪ್ಪಿಗಾ?"

"ಅದಕ್ಕೂ ಇಳೀಲಿಲ್ಲ," ಎಂದು ಮಣೆ ಎಳೆದು ಕೂತರು. "ಬರುವಾಗ ಇನ್ನೊಂದು ಸಿಕ್ಕಿತು. ಧಣಿಗಳ ಮನೆಯ ಕಾರು. ಅವರ ಮೊಮ್ಮಗ ಓಡಿಸ್ತಿದ್ದ. ನಿಲ್ಲಿಸಿ, ನೀವು ಹೋಗಿ ಅಜ್ಜ ಅಂದ."

ನನ್ನ ಕೈಯಲ್ಲಿ ಸಟ್ಟುಗ ಹಾಗೆಯೇ ಇತ್ತು.

"ನೀವು ಎಂತ ಮಾಡಿದಿರಿ?"

"ಎಂತ ಮಾಡುದು? ಬೆಲ್ಲು ಹೊಡೆದು ಬಂದೆ," ಎಂದರು ಮಾವ. "ದೋಸೆ ಕರಟಿತು, ನೋಡು."